ಕರ್ನಾಟಕದಲ್ಲಿ ಕಷಾಯ

ಬೇರು, ತೊಗಟೆ, ಎಲೆ, ಕಾಳುಗಳನ್ನು ನೀರಿನಲ್ಲಿ ಕುದಿಸಿ ಸಾರ ಇಳಿಸಿದ ಪಾನೀಯವೇ ಕಷಾಯ. ವೈದ್ಯಗ್ರಂಥ, ಅಡುಗೆಮನೆ, ಪಂಚಾಂಗ ಮೂರರಲ್ಲೂ ಅದಕ್ಕೆ ಜಾಗವಿದೆ. ಒಂದೊಂದು ಕಡೆ ಒಂದೊಂದು ಹದ.

ಚರಕಸಂಹಿತೆ ಐದು ಬಗೆಯ ಕಷಾಯಕಲ್ಪನೆಗಳನ್ನು ಹೇಳುತ್ತದೆ: ಹಿಂಡಿದ ಸ್ವರಸ, ಅರೆದ ಕಲ್ಕ, ಕುದಿಸಿದ ಶೃತ, ತಣ್ಣೀರಿನಲ್ಲಿ ನೆನೆಸಿದ ಶೀತ, ಬಿಸಿನೀರು ಹೊಯ್ದು ಸೋಸಿದ ಫಾಂಟ. ಇಂದಿನ ಗಿಡಮೂಲಿಕೆ ಚಹಾ ಈ ಫಾಂಟಕ್ಕೆ ಹತ್ತಿರದ್ದು. ಮುಂದೆ ಶಾರ್ಙ್ಗಧರ ಸಂಹಿತೆ ಅಳತೆಯನ್ನೂ ಗೊತ್ತುಮಾಡಿತು. ಜಜ್ಜಿದ ಒಂದು ಪಾಲು ಮೂಲಿಕೆಗೆ 16 ಪಾಲು ನೀರು. ಮಣ್ಣಿನ ಪಾತ್ರೆಯಲ್ಲಿ ಅದು ಎಂಟನೆಯ ಒಂದು ಭಾಗಕ್ಕೆ ಇಳಿಯಬೇಕು.

ಈ ವಿದ್ಯೆ ಕನ್ನಡಕ್ಕೂ ಬಂತು. 11ನೇ ಶತಮಾನದಲ್ಲಿ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಕೃಷಿ, ಅಡುಗೆಗಳ ಜೊತೆಗೆ ವೈದ್ಯವೂ ಸೇರಿದೆ. 12ನೇ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ ಜೈನ ಆಚಾರಕ್ಕೆ ತಕ್ಕಂತೆ ಮದ್ಯ, ಮಾಂಸಗಳನ್ನು ಬಿಟ್ಟ ಚಿಕಿತ್ಸೆಯನ್ನು ಹೇಳುತ್ತದೆ.

ಮನೆಯ ಕಷಾಯಕ್ಕೆ ಇಷ್ಟು ಕಟ್ಟುನಿಟ್ಟಿಲ್ಲ. ಕರಾವಳಿ, ಮಲೆನಾಡುಗಳಲ್ಲಿ ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸುಗಳನ್ನು ಹುರಿದು, ಶುಂಠಿ ಸೇರಿಸಿ ಪುಡಿ ಮಾಡಿಟ್ಟುಕೊಳ್ಳುತ್ತಾರೆ. ಅದನ್ನು ಬೆಲ್ಲ, ಹಾಲಿನೊಂದಿಗೆ ಕುದಿಸಿದರೆ ಆಯಿತು. ಕಾಫಿ, ಚಹಾ ಮನೆಮನೆ ಹೊಕ್ಕ ಮೇಲೂ ಈ ಪುಡಿಯ ಡಬ್ಬಿ ಜಾಗ ಬಿಟ್ಟಿಲ್ಲ.

ಮಳೆಗಾಲದ್ದು ಮತ್ತೊಂದು ಪದ್ಧತಿ. ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಯ ನಸುಕಿಗೇ ಹಾಲೆಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆಯುತ್ತಾರೆ. ಅದರ ರಸಕ್ಕೆ ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಬರಿಹೊಟ್ಟೆಯಲ್ಲಿ ಕುಡಿಯುವುದು ವಾಡಿಕೆ; ಉಷ್ಣ ಇಳಿಯಲೆಂದು ಆಮೇಲೆ ಮೆಂತೆಗಂಜಿ. ಕತ್ತಲಲ್ಲಿ ಹಾಲೆಯೆಂದು ವಿಷದ ಕಾಸರಕವನ್ನು ಕೆತ್ತಿದರೆ ಪ್ರಾಣಕ್ಕೇ ಅಪಾಯ. ಹೀಗಾಗಿ ಮರವನ್ನು ಹಗಲಲ್ಲೇ ಗುರುತಿಟ್ಟುಕೊಳ್ಳುವುದು ಜಾಣತನ. ಕೊಡಗಿನಲ್ಲಿ ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪನ್ನು ಕುದಿಸಿ, ಆ ನೇರಳೆ ಬಣ್ಣದ ರಸದಲ್ಲಿ ಪಾಯಸ, ಪುಟ್ಟು ಮಾಡುತ್ತಾರೆ.

2020ರಲ್ಲಿ ಕೊರೊನಾ ಹಬ್ಬಿದಾಗ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಶುಂಠಿ, ಒಣದ್ರಾಕ್ಷಿಗಳ ಕಷಾಯವನ್ನು ಸೂಚಿಸಿತು. ಅಮೃತಬಳ್ಳಿಗೂ ಬೇಡಿಕೆ ಏರಿತು. ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು; ಆ ತೀರ್ಮಾನವನ್ನು ಸಚಿವಾಲಯ ಒಪ್ಪಲಿಲ್ಲ.