ಮಕ್ಕಳೇ ಕಟ್ಟಿದ ಭಾಷೆ

‘ಮೂಗ ಕನಸು ಕಂಡಂತೆ’ ಎಂಬ ಮಾತು ನಮ್ಮಲ್ಲಿ ಬಹಳ ಹಿಂದಿನಿಂದ ನಡೆದುಬಂದಿದೆ. ಅನುಭವ ಒಳಗಿದ್ದೂ ಅದನ್ನು ಹೊರಗೆ ಹೇಳಲಾರದವನ ಪಾಡು ಅದು. ಆದರೆ ಈ ಮಾತನ್ನು ಕಟ್ಟಿದವರು ಮೂಗನ ಬಾಯನ್ನು ನೋಡಿದರೇ ಹೊರತು ಅವನ ಕೈಗಳನ್ನು ನೋಡಲಿಲ್ಲವೆಂದು ನನಗೆ ತೋರುತ್ತದೆ. ಹಳೆಯ ಗಾದೆಯನ್ನು ದೂರಿ ಫಲವಿಲ್ಲ. ದೊಡ್ಡ ದೊಡ್ಡ ವಿದ್ವಾಂಸರೂ ನೂರು ವರ್ಷಗಳ ಕಾಲ ಹಾಗೆಯೇ ನಡೆದುಕೊಂಡರು.

1880ರ ಸೆಪ್ಟೆಂಬರಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಣವನ್ನು ಕುರಿತು ಒಂದು ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಪ್ರತಿನಿಧಿಗಳು 164 ಮಂದಿ. ಅವರಲ್ಲಿ ಕಿವುಡರೆಂದರೆ ಅಮೆರಿಕದಿಂದ ಬಂದಿದ್ದ ಜೇಮ್ಸ್ ಡೆನಿಸನ್ ಒಬ್ಬರೇ. ಕೈಸನ್ನೆಗಿಂತ ಬಾಯಿಮಾತೇ ಶ್ರೇಷ್ಠ, ಶಾಲೆಗಳಲ್ಲಿ ಅದನ್ನೇ ಕಲಿಸತಕ್ಕದ್ದು ಎಂದು ಸಭೆ ಭಾರಿ ಬಹುಮತದಿಂದ ನಿರ್ಣಯಿಸಿತು. ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಪಾದ್ರಿ ದ ಲೆಪೆ ಬಡ ಕಿವುಡ ಮಕ್ಕಳನ್ನು ಕೂಡಿಸಿಕೊಂಡು ಸನ್ನೆಯ ಮೂಲಕವೇ ಪಾಠ ಹೇಳಿದ್ದರು. ಮುಂದೆ ಆ ಶಾಲೆಯಲ್ಲಿ ಓದಿದ ಲೊರಾಂ ಕ್ಲೇರ್ ಎಂಬ ಕಿವುಡ ಉಪಾಧ್ಯಾಯರು ಸಮುದ್ರ ದಾಟಿಹೋಗಿ 1817ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಶಾಲೆ ತೆರೆಯುವುದಕ್ಕೆ ನೆರವಾಗಿದ್ದರು. ಆ ಪರಂಪರೆಯನ್ನೆಲ್ಲ ಮಿಲಾನ್ ಸಭೆ ಪಕ್ಕಕ್ಕೆ ತಳ್ಳಿತು. ಅನೇಕ ದೇಶಗಳಲ್ಲಿ ಕಿವುಡ ಉಪಾಧ್ಯಾಯರು ಕೆಲಸ ಕಳೆದುಕೊಂಡರು. ತರಗತಿಯಲ್ಲಿ ಕೈಯಾಡಿಸಿದ ಮಕ್ಕಳಿಗೆ ಪೆಟ್ಟು ಬೀಳುತ್ತಿತ್ತು.

ಆ ಸಭೆಯವರು ಕೆಟ್ಟವರೇನಲ್ಲ. ಕಿವುಡ ಮಗು ನಾಲ್ಕು ಜನರೊಡನೆ ಬೆರೆಯಬೇಕು, ಅದಕ್ಕೆ ಮಾತು ಬರಬೇಕು ಎಂಬುದೇ ಅವರ ಆಸೆ. ಆದರೆ ತುಟಿ ನೋಡಿ ಮಾತನ್ನು ತಿಳಿಯುವ ಕಷ್ಟವನ್ನು ಅವರು ಅನುಭವಿಸಿದವರಲ್ಲ. ಓದುಗರು ಬೇಕಾದರೆ ಕನ್ನಡಿಯ ಮುಂದೆ ನಿಂತು, ಸದ್ದು ಮಾಡದೆ, ಪಡಿ, ಬಡಿ, ಮಡಿ ಎಂದು ಹೇಳಿನೋಡಲಿ. ಮೂರಕ್ಕೂ ತುಟಿಯ ಚಲನೆ ಒಂದೇ! ಹುಟ್ಟಿದಾರಭ್ಯ ಯಾವ ಸ್ವರವನ್ನೂ ಕೇಳದ ಮಗು ಅವುಗಳಲ್ಲಿ ಯಾವುದು ಯಾವುದೆಂದು ಹೇಗೆ ತಿಳಿದೀತು? ಉಚ್ಚಾರಣೆಯ ಅಭ್ಯಾಸದಲ್ಲಿಯೇ ವರ್ಷಗಳು ಕಳೆದುಹೋಗುತ್ತಿದ್ದವು. ಗಣಿತ, ಚರಿತ್ರೆ, ಕಥೆ ಎಲ್ಲವೂ ಆಮೇಲಿನ ಮಾತು. ರಾತ್ರಿ ವಿದ್ಯಾರ್ಥಿನಿಲಯದ ದೀಪದ ಕೆಳಗೆ ಮಕ್ಕಳು ಕದ್ದು ಕೈಮಾತು ಆಡಿಕೊಳ್ಳುತ್ತಿದ್ದುದರಿಂದ ಆ ಭಾಷೆಗಳು ಬದುಕಿ ಉಳಿದವು.

ಮಿಲಾನ್ ಸಭೆಗೆ ನೂರು ವರ್ಷ ತುಂಬುವ ಹೊತ್ತಿಗೆ ಭೂಮಂಡಲದ ಮತ್ತೊಂದು ಮೂಲೆಯಲ್ಲಿ, ಮಧ್ಯ ಅಮೆರಿಕದ ನಿಕರಾಗುವದಲ್ಲಿ, ನಡೆದುದು ಇನ್ನೂ ಸೋಜಿಗದ ಸಂಗತಿ. ಆ ದೇಶದ ಕಿವುಡ ಮಕ್ಕಳು ಅಲ್ಲಿಯವರೆಗೆ ತಂತಮ್ಮ ಮನೆಗಳಲ್ಲಿ ಒಂಟಿಯಾಗಿ ಬೆಳೆಯುತ್ತಿದ್ದರು. ಊಟ, ನೀರು, ನಿದ್ದೆಗಳಿಗೆ ಮನೆಯವರೊಂದಿಗೆ ಬೆಳೆದುಬಂದ ಒಂದಷ್ಟು ಸನ್ನೆ, ಅಷ್ಟೇ. 1977ರಲ್ಲಿ ರಾಜಧಾನಿ ಮನಾಗುವದಲ್ಲಿ ವಿಶೇಷ ಶಾಲೆಯೊಂದು ಆರಂಭವಾಯಿತು. 1979ರಲ್ಲಿ ಕ್ರಾಂತಿಯಾಗಿ ಹೊಸ ಸರ್ಕಾರ ಬಂದಮೇಲೆ, 1980ರಲ್ಲಿ, ಹದಿಹರೆಯದವರಿಗೆ ಕಸಬು ಕಲಿಸುವ ಶಾಲೆಯೂ ತೆರೆಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಕಿವುಡ ಮಕ್ಕಳು ನೂರಾರು ಸಂಖ್ಯೆಯಲ್ಲಿ ಸೇರಿದರು. ಉಪಾಧ್ಯಾಯರು ಕಲಿಸಲು ಹೊರಟದ್ದು ತುಟಿ ನೋಡಿ ತಿಳಿಯಬೇಕಾದ ಸ್ಪ್ಯಾನಿಷ್ ಭಾಷೆಯನ್ನು. ಪಾಠ ಹತ್ತಲಿಲ್ಲ. ಆದರೆ ಆಟದ ಬಯಲಿನಲ್ಲಿ, ಶಾಲೆಯ ಬಸ್ಸಿನಲ್ಲಿ, ಮಕ್ಕಳು ತಂತಮ್ಮ ಮನೆಯ ಸನ್ನೆಗಳನ್ನು ಒಟ್ಟುಗೂಡಿಸಿ ತಮ್ಮೊಳಗೇ ಹರಟತೊಡಗಿದರು. ಗುರುಗಳಿಗೆ ಒಂದಕ್ಷರವೂ ತಿಳಿಯದು!

ಇಲ್ಲಿ ನಾನು ಅಲ್ಲಿಯ ಶಿಕ್ಷಣ ಇಲಾಖೆಯನ್ನು ಮೆಚ್ಚುತ್ತೇನೆ. ಅರ್ಥವಾಗದ್ದನ್ನು ಅದು ಕೋತಿಚೇಷ್ಟೆಯೆಂದು ತಳ್ಳಿಹಾಕಲಿಲ್ಲ. 1986ರಲ್ಲಿ ಜೂಡಿ ಕೆಗಲ್ ಎಂಬ ಅಮೆರಿಕದ ಭಾಷಾವಿಜ್ಞಾನಿಯನ್ನು ಕರೆಸಿತು. ಆಕೆ ಕಂಡದ್ದು ಇದು: ಹಿರಿಯ ವಿದ್ಯಾರ್ಥಿಗಳ ಸನ್ನೆ ಒರಟು, ಅವರನ್ನು ನೋಡಿ ಕಲಿತ ಚಿಕ್ಕ ಮಕ್ಕಳ ಸನ್ನೆಯಾದರೋ ವೇಗವಾದದ್ದು, ನಯವಾದದ್ದು, ವ್ಯಾಕರಣಬದ್ಧವಾದದ್ದು. ಯಾರೂ ಕಲಿಸದ ವ್ಯಾಕರಣ ಅದು. 2004ರಲ್ಲಿ ಪ್ರಕಟವಾದ ಒಂದು ಸಂಶೋಧನೆಗಾಗಿ ಅವರಿಗೆ ಬೆಕ್ಕಿನ ವ್ಯಂಗ್ಯಚಲನಚಿತ್ರವೊಂದನ್ನು ತೋರಿಸಿದ್ದರು. ಬೆಕ್ಕು ಚೆಂಡನ್ನು ನುಂಗಿ ಇಳಿಜಾರಿನ ಬೀದಿಯಲ್ಲಿ ಉರುಳಿಹೋಗುತ್ತದೆ. ಮೊದಲ ತಲೆಮಾರಿನವರು ಉರುಳುವುದನ್ನೂ ಇಳಿಯುವುದನ್ನೂ ಹೆಚ್ಚಾಗಿ ಒಂದೇ ಅಭಿನಯದಲ್ಲಿ ತೋರಿದರೆ, ಆಮೇಲೆ ಬಂದ ಮಕ್ಕಳು ‘ಉರುಳು’, ‘ಇಳಿ’ ಎಂದು ಎರಡು ಬೇರೆ ಸನ್ನೆಗಳಾಗಿ ಬಿಡಿಸಿ ಜೋಡಿಸಿದರು. ಅಭಿನಯ ಪದವಾಗುವ ಗಳಿಗೆಯನ್ನು ಮನುಷ್ಯರು ಕಣ್ಣಾರೆ ಕಂಡದ್ದು ಬಹಳ ಅಪರೂಪ.

2009ರ ಇನ್ನೊಂದು ಸಂಶೋಧನೆ ನನ್ನ ಮನಸ್ಸನ್ನು ಹೆಚ್ಚು ಕಲಕಿತು. ಮೊದಲ ತಲೆಮಾರಿನವರ ಸನ್ನೆಯಲ್ಲಿ ‘ತಿಳಿ’, ‘ಭಾವಿಸು’ ಎಂಬಂಥ ಮಾತುಗಳು ವಿರಳವಾಗಿದ್ದವು. ಇನ್ನೊಬ್ಬನು ಒಂದು ವಿಷಯವನ್ನು ತಪ್ಪಾಗಿ ನಂಬಿದ್ದಾನೆ ಎಂಬುದನ್ನು ಊಹಿಸುವುದು, ಪ್ರಾಯಕ್ಕೆ ಬಂದಮೇಲೂ, ಅವರಿಗೆ ಕಷ್ಟವಾಗಿತ್ತು. ತಮಗಿಂತ ಚಿಕ್ಕವರೊಡನೆ ಬೆರೆತು ಆ ಸನ್ನೆಗಳನ್ನು ಕಲಿತ ಮೇಲೆ ಅದೂ ಸಾಧ್ಯವಾಯಿತು. ಭಾಷೆಯಿಲ್ಲದೆ ಮಗು ಕಳೆದುಕೊಳ್ಳುವುದು ಬರಿಯ ಮಾತನ್ನಲ್ಲ.

ನಮ್ಮ ನಾಡಿನ ವಿಚಾರ. ಮುಂಬಯಿಯಲ್ಲಿ 1885ರಲ್ಲಿಯೂ ಮೈಸೂರಿನಲ್ಲಿ 1901ರಲ್ಲಿಯೂ ಕಿವುಡ ಮಕ್ಕಳಿಗೆ ಶಾಲೆಗಳು ಆರಂಭವಾದವು. ದೇಶದ ಹೆಚ್ಚಿನ ಶಾಲೆಗಳು ಬಹುಕಾಲ ಹಿಡಿದದ್ದು ಬಾಯಿಮಾತಿನ ಹಾದಿಯನ್ನೇ. ಭಾರತಕ್ಕೆ ತನ್ನದೆಂಬ ಸನ್ನೆಭಾಷೆಯೇ ಇಲ್ಲವೆಂದು ಶಿಕ್ಷಕರು ನಂಬಿದ್ದರು. 1970ರ ದಶಕದ ಕೊನೆಯಲ್ಲಿ ಮದನ್ ವಸಿಷ್ಠ, ಜೇಮ್ಸ್ ವುಡ್‌ವರ್ಡ್ ಮತ್ತು ಸಂಗಡಿಗರು ದೆಹಲಿ, ಕಲ್ಕತ್ತ, ಮುಂಬಯಿ, ಬೆಂಗಳೂರುಗಳ ಕಿವುಡರ ಸನ್ನೆಗಳನ್ನು ಹೋಲಿಸಿ ನೋಡಿದರು. ಊರೂರಿಗೆ ಭೇದಗಳಿದ್ದರೂ ಅವೆಲ್ಲ ಹತ್ತಿರದ ಬಂಧುಗಳೆಂದು ಕಂಡುಬಂತು. ವಸಿಷ್ಠರೂ ಕಿವುಡರೇ ಎಂಬುದನ್ನು ಇಲ್ಲಿ ಹೇಳಬೇಕು. ಮಿಲಾನಿನಲ್ಲಿ 164ರಲ್ಲಿ ಒಬ್ಬರಾಗಿದ್ದವರು ಇಲ್ಲಿ ಮುಂದಾಳಾಗಿದ್ದರು.

ಬಾಯಿಮಾತನ್ನು ಕಲಿಸುವುದೇ ಬೇಡವೆಂದು ನಾನು ಹೇಳುವುದಿಲ್ಲ. ಶ್ರವಣಯಂತ್ರದಿಂದ ಅನುಕೂಲ ಪಡೆದ ಮಕ್ಕಳು ಬೇಕಾದಷ್ಟಿದ್ದಾರೆ. ಆದರೆ ಒಂದನ್ನು ಕೊಡಲೋಸುಗ ಇನ್ನೊಂದನ್ನು ಕಿತ್ತುಕೊಂಡದ್ದು ಅನ್ಯಾಯ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ ಏಳನೆಯ ವಿಧಿ, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಮಕ್ಕಳು ಸ್ವತಂತ್ರವಾಗಿ ಅಭಿಪ್ರಾಯ ಹೇಳಬಹುದು, ಅದಕ್ಕೆ ಬೇಕಾದ ನೆರವನ್ನೂ ಒದಗಿಸಬೇಕು ಎನ್ನುತ್ತದೆ. ಭಾರತವು 2007ರಲ್ಲಿ ಅದನ್ನು ಒಪ್ಪಿಕೊಂಡಿತು. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ್ದ ಅದೇ ಪರಂಪರೆಯ ಸಮ್ಮೇಳನವು ಮಿಲಾನಿನ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಿತು. ಅಷ್ಟರಲ್ಲಿ 130 ವರ್ಷ ಕಳೆದಿದ್ದವು. ದೆಹಲಿಯಲ್ಲಿ ಭಾರತೀಯ ಸನ್ನೆಭಾಷೆಗೆಂದು ಸಂಶೋಧನಾ ಕೇಂದ್ರವೊಂದು 2015ರಲ್ಲಿ ಆರಂಭವಾಯಿತು. ಅದರ ನಿಘಂಟಿನ ಮೊದಲ ಆವೃತ್ತಿ 2018ರಲ್ಲಿ ಮೂರು ಸಾವಿರ ಪದಗಳೊಡನೆ ಹೊರಬಂತು. 2021ರ ಹೊತ್ತಿಗೆ ಅದು ಹತ್ತು ಸಾವಿರಕ್ಕೆ ಬೆಳೆಯಿತು.