ಟೈರಿನ ಪಕ್ಕೆಯ ಬರಹ

ವೇಗದ ಕಾರಿಗೆ ಹೊಸ ಟೈರು ಹಾಕಿಸುವ ಮೊದಲು ಓದಬೇಕಾದದ್ದು ಹಳೆಯ ಟೈರಿನ ಪಕ್ಕೆಯ ಮೇಲಿನ ಬರಹವನ್ನು. ‘225/45 ಆರ್ 17 94 ವೈ’ ಎಂಬಂಥ ಒಂದು ಸಾಲಿನಲ್ಲಿ ಅಗಲ, ಅಗಲಕ್ಕೆ ತಕ್ಕ ಎತ್ತರ, ಕಟ್ಟಿದ ಬಗೆ, ರಿಮ್ಮಿನ ಇಂಚು, ಹೊರುವ ಭಾರ, ತಾಳುವ ವೇಗ ಎಲ್ಲವೂ ಅಡಗಿವೆ. ಈ ಸಾಲನ್ನು ಯಾರೂ ಒಂದೇ ಸಲ ಕೂತು ಬರೆದದ್ದಲ್ಲ. ಕಾರು ತನ್ನ ಟೈರನ್ನು ಮೀರಿ ಓಡಿದಾಗಲೆಲ್ಲ ಒಂದೊಂದೇ ಅಂಕಿ, ಒಂದೊಂದೇ ಅಕ್ಷರ ಸೇರಿ ಬೆಳೆದದ್ದು.

1895ರ ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಓಟದಲ್ಲಿ ಮಿಶೆಲಿನ್ ಸಹೋದರರು ಗಾಳಿ ತುಂಬಿದ ಟೈರುಗಳ ಕಾರನ್ನು ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರಾದರೂ ಗಾಳಿಯ ಟೈರು ಕಾರಿಗೆ ಒಗ್ಗುತ್ತದೆಂಬುದು ಖಚಿತವಾಯಿತು. ಮುಂದಿನ ಐದು ದಶಕ ಕಾರುಗಳಿಗಿದ್ದದ್ದು ಕ್ರಾಸ್‌ಪ್ಲೈ ಟೈರು. ಹುರಿಯ ಪದರಗಳನ್ನು ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಓರೆಯಾಗಿಟ್ಟು ಕಟ್ಟುತ್ತಿದ್ದರು. ಉರುಳುವಾಗ ಈ ಪದರಗಳು ಒಂದನ್ನೊಂದು ಎಳೆದಾಡುತ್ತಿದ್ದವು, ಟೈರು ಬಿಸಿಯಾಗುತ್ತಿತ್ತು. ವೇಗದ ಕಾರಿಗೆ ನಿಜವಾದ ಶತ್ರು ಈ ಬಿಸಿಯೇ.

ಆ ಬಿಸಿಯ ಜಾಡು ಹಿಡಿದವನು ಮಿಶೆಲಿನ್ ಕಂಪನಿಯ ಮುದ್ರಣಾಲಯಕ್ಕೆ ಕೆಲಸಕ್ಕೆ ಸೇರಿದ್ದ ಮಾರಿಯಸ್ ಮಿನ್ಯೋಲ್. ಬಿಸಿ ಎಲ್ಲಿ ಹುಟ್ಟುತ್ತದೆಂದು ತಿಳಿಯಲು ಅವನು ಟೈರಿನ ಪಕ್ಕೆಯನ್ನು ತೆಗೆದು, ಆ ಜಾಗದಲ್ಲಿ ದೂರದೂರಕ್ಕೆ ತಂತಿಗಳನ್ನಷ್ಟೇ ಬಿಗಿದ. ಅದನ್ನು ನೋಡಿದವರು ‘ನೊಣದ ಪಂಜರ’ ಎಂದರು. ಹುರಿಗಳು ರಿಮ್ಮಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಸಾಗಬೇಕು, ನೆಲ ಮುಟ್ಟುವ ಭಾಗದ ಕೆಳಗೆ ಉಕ್ಕಿನ ಪಟ್ಟಿ ಇರಬೇಕು ಎಂಬುದು ಅದರಿಂದ ಹೊರಟ ವಿನ್ಯಾಸ. 1946ರಲ್ಲಿ ಪೇಟೆಂಟಾಗಿ 1949ರಲ್ಲಿ ‘ಎಕ್ಸ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದದ್ದು ಈ ರೇಡಿಯಲ್ ಟೈರು. ಪಕ್ಕೆಯ ಬರಹದಲ್ಲಿ ‘ಆರ್’ ನಿಂತಿರುವುದು ಇದಕ್ಕಾಗಿ. ಟೈರು ಬದಲಿಸುವವರಿಗೆ ಹೊಸ ಎಚ್ಚರವೊಂದೂ ಇದರೊಡನೆ ಬಂತು: ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಹಾಕಿಸಿದರೆ ತಿರುವಿನಲ್ಲಿ ಕಾರಿನ ಹಿಂಭಾಗ ಜಾರುತ್ತದೆ.

ವೇಗದ ಅಕ್ಷರಗಳ ಕತೆ ಸ್ವಲ್ಪ ತಮಾಷೆಯದು. ಯುರೋಪಿನಲ್ಲಿ ಮೊದಲು ಸಾಕಾದದ್ದು ಮೂರು: ಗಂಟೆಗೆ 180 ಕಿ.ಮೀ.ವರೆಗೆ ಎಸ್, 210ರವರೆಗೆ ಎಚ್, ಅದರಾಚೆಗೆಲ್ಲ ವಿ. ನಡುವೆ 190ಕ್ಕೆ ಟಿ, 200ಕ್ಕೆ ಯು ತುರುಕಿದ್ದರಿಂದ ವರ್ಣಮಾಲೆಯಲ್ಲಿ ಎಷ್ಟೋ ಹಿಂದಿರುವ ಎಚ್ ಇಂದಿಗೂ ಯು ಮತ್ತು ವಿ ನಡುವೆ ಸಿಕ್ಕಿಕೊಂಡಿದೆ. ಆಮೇಲೆ ವಿ 240ಕ್ಕೆ ನಿಂತು, ಅದಕ್ಕೂ ಮೇಲೆ ಝಡ್ ಬಂತು. ವರ್ಣಮಾಲೆಯೇ ಮುಗಿದರೂ ಕಾರುಗಳು ನಿಲ್ಲಲಿಲ್ಲ. ಹಿಂದಕ್ಕೆ ಬಂದು 270ಕ್ಕೆ ಡಬ್ಲ್ಯೂ, 300ಕ್ಕೆ ವೈ ಗೊತ್ತುಮಾಡಬೇಕಾಯಿತು.

ಅಗಲವಾದ, ಗಿಡ್ಡ ಪಕ್ಕೆಯ ಟೈರಿನ ಚಾಳಿಯನ್ನು ರಸ್ತೆಗೆ ತಂದದ್ದು ಇಟಲಿಯ ಪಿರೆಲ್ಲಿ ಪಿ7. ಲಾನ್ಸಿಯಾ ಸ್ಟ್ರಾಟೋಸ್ ಎಂಬ ರ‍್ಯಾಲಿ ಕಾರಿಗಾಗಿ 1970ರ ದಶಕದ ನಡುವೆ ಹುಟ್ಟಿದ ಟೈರು ಅದು. ಉಕ್ಕಿನ ಪಟ್ಟಿಗಳ ಮೇಲೆ ಸುತ್ತಿನುದ್ದಕ್ಕೂ ನೈಲಾನ್ ಬಿಗಿದಿದ್ದರಿಂದ ಹೆಚ್ಚಿನ ವೇಗದಲ್ಲೂ ಅದು ಅಷ್ಟಾಗಿ ಉಬ್ಬುತ್ತಿರಲಿಲ್ಲ. ಪೋರ್ಷೆ 911 ಟರ್ಬೊ ಅದನ್ನು ಬೇಗನೆ ತೊಟ್ಟಿತು. ಲಂಬೋರ್ಗಿನಿ ಕೌಂಟಾಕ್‌ನ ಮಾತು ಇನ್ನೂ ಸೊಗಸು. 1974ರಲ್ಲಿ ಮಾರಾಟಕ್ಕೆ ಬಂದಾಗ ಅದರ ಹಿಂದಿನ ಟೈರಿನ ಅಗಲ 215 ಮಿ.ಮೀ. ವಾಲ್ಟರ್ ವುಲ್ಫ್ ಎಂಬ ಸಿರಿವಂತ ಗಿರಾಕಿ ತನ್ನ ಕಾರಿಗೆ ಪಿ7 ಬೇಕೆಂದು ಹಟ ಹಿಡಿದ. ಟೈರು ಒಳಗೆ ಹಿಡಿಸಲಾರದೆ ಚಕ್ರದ ಮೇಲಿನ ಕಮಾನುಗಳನ್ನೇ ಅಗಲಿಸಿ ಕೊಟ್ಟರು. ಅದೇ ರೂಪ 1978ರ ಎಲ್‌ಪಿ400ಎಸ್ ಮಾದರಿಯಾಗಿ ಎಲ್ಲ ಗಿರಾಕಿಗಳಿಗೂ ದೊರೆಯಿತು. ಹಿಂದಿನ ಟೈರು ಈಗ 345/35: ಅಂಗೈ ಮೂರೂವರೆಯಷ್ಟು ಅಗಲವಿದ್ದರೂ ಪಕ್ಕೆಯ ಎತ್ತರ ಬರೀ 121 ಮಿ.ಮೀ. ಟೈರಿಗಾಗಿ ಕಾರಿನ ಮೈಯನ್ನೇ ತಿದ್ದಿದ ಉದಾಹರಣೆ ಇದು.

ಆ ಬಳಿಕ ದೊಡ್ಡ ರಿಮ್ಮಿಗೆ ಹೋಗುವುದು ಸಾಮಾನ್ಯ ಮಾಲೀಕರಿಗೂ ಹಿಡಿದ ಗೀಳಾಯಿತು. ಅದರ ಲೆಕ್ಕ ಸರಳ: ಹೊರ ವ್ಯಾಸ ಹೆಚ್ಚುಕಡಿಮೆ ಆಗಕೂಡದು. 205/55 ಆರ್ 16 ತೆಗೆದು 225/45 ಆರ್ 17 ಹಾಕಿಸಿದರೆ ವ್ಯಾಸದ ವ್ಯತ್ಯಾಸ ಎರಡೂವರೆ ಮಿ.ಮೀ.ಯೊಳಗೇ ಇರುತ್ತದೆ, ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಗುಂಡಿಬಿದ್ದ ರಸ್ತೆಯಲ್ಲಿ ಏಟು ಮಾತ್ರ ನೇರ ರಿಮ್ಮಿಗೇ.

ಅಳತೆ ಒಂದೇ ಆದರೂ ಎಲ್ಲ ಟೈರು ಒಂದೇ ಅಲ್ಲವೆಂದು ಕಾರು ತಯಾರಕರು ತಮ್ಮದೇ ಗುರುತುಗಳನ್ನು ಸೇರಿಸತೊಡಗಿದರು. ಪೋರ್ಷೆ ಒಪ್ಪಿದ ಟೈರಿಗೆ ಎನ್0, ಎನ್1, ಬಿಎಂಡಬ್ಲ್ಯೂಗೆ ನಕ್ಷತ್ರ, ಮರ್ಸಿಡೀಸ್‌ಗೆ ಎಂಒ. ಅಮೆರಿಕ ಸರ್ಕಾರ ಸವೆತದ ಅಂಕಿಯನ್ನೂ ಬರೆಸಿತು. 100 ಎಂಬುದು ಹೋಲಿಕೆಯ ಟೈರು; 200 ಎಂದರೆ ಅದರ ಎರಡರಷ್ಟು ಬಾಳಿಕೆ. ಆದರೆ ಅಂಕಿ ಕೊಡುವವರು ಟೈರು ಮಾಡುವವರೇ ಆದ್ದರಿಂದ ಬೇರೆ ಬೇರೆ ಕಂಪನಿಗಳ ಅಂಕಿಗಳನ್ನು ತಾಳೆ ನೋಡುವುದು ಅಷ್ಟು ನೆಚ್ಚಲಾಗದ ಕೆಲಸ. ಗ್ರಿಪ್ ಹೆಚ್ಚಿಸಲು ರಬ್ಬರನ್ನು ಮೆದುವಾಗಿಸಿದರೆ ಸವೆತವೂ ಸಾಮಾನ್ಯವಾಗಿ ಹೆಚ್ಚು. 1992ರಲ್ಲಿ ಮಿಶೆಲಿನ್ ರಬ್ಬರಿಗೆ ಸಿಲಿಕಾ ಬೆರೆಸಿ ಮಾರತೊಡಗಿದ ಮೇಲೆ ಒದ್ದೆ ರಸ್ತೆಯ ಹಿಡಿತದ ಮಟ್ಟಿಗೆ ಈ ಕಟ್ಟು ಸ್ವಲ್ಪ ಸಡಿಲವಾಯಿತು.

ಷೆಡ್ಡಿನಲ್ಲೇ ಹೆಚ್ಚು ಕಾಲ ಕಳೆಯುವ ವೇಗದ ಕಾರುಗಳ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಅದರ ವಯಸ್ಸು ತಿಳಿಸುವುದು 2000ದಿಂದೀಚೆಗೆ ಪಕ್ಕೆಯಲ್ಲಿ ಅಚ್ಚಾಗುತ್ತಿರುವ ನಾಲ್ಕಂಕಿಯ ತಾರೀಖು: 3519 ಎಂದರೆ 2019ರ 35ನೇ ವಾರ. ಅದಕ್ಕೆ ಮುಂಚೆ ಇದ್ದದ್ದು ಮೂರೇ ಅಂಕಿ. ದಶಕ ಯಾವುದೆಂದು ತಿಳಿಯುತ್ತಿರಲಿಲ್ಲ. ಹಳೆಯ ಪೋರ್ಷೆ, ಕೌಂಟಾಕ್ ಇಟ್ಟುಕೊಂಡವರಿಗಾಗಿ ಪಿರೆಲ್ಲಿ ಈಗ ಪಿ7ನ್ನೇ ಹಳೆಯ ಅಳತೆ, ಹಳೆಯ ನೋಟದಲ್ಲಿ, ಹೊಸ ಕಾಲದ ರಬ್ಬರಿನಲ್ಲಿ ಮತ್ತೆ ಮಾಡಿಕೊಡುತ್ತಿದೆ.