ಇಂಗ್ಲೆಂಡಿನ ಕಾಲ್ಚೆಂಡಾಟದ ಕೆಳಗಣ ಶ್ರೇಣಿಗಳು

ಇಂಗ್ಲೆಂಡಿನ ವೃತ್ತಪತ್ರಿಕೆಗಳಲ್ಲಿ ವಾರವಾರವೂ ಅಚ್ಚಾಗುವ ಕಾಲ್ಚೆಂಡಾಟದ ಅಂಕಪಟ್ಟಿಯು ನೋಟಕ್ಕೆ ಬಹು ಶುಷ್ಕವಾದ ವಸ್ತು. ಸಂಘದ ಹೆಸರು, ಆಡಿದ ಪಂದ್ಯಗಳು, ಗೆದ್ದವು, ಸಮವಾದವು, ಸೋತವು, ಹೊಡೆದ ಗೋಲುಗಳು, ಹೊಡೆಯಿಸಿಕೊಂಡ ಗೋಲುಗಳು, ಕಡೆಯಲ್ಲಿ ಅಂಕಗಳು—ಇಷ್ಟೇ ಅದರ ಸಾಮಗ್ರಿ. ಪಟ್ಟಿಯ ಶಿಖರದಲ್ಲಿರುವವರ ಕೀರ್ತಿಯನ್ನು ಲೋಕವೆಲ್ಲ ಬಲ್ಲುದು. ಅವರ ವಿಷಯದಲ್ಲಿ ಹೊಸದಾಗಿ ಹೇಳತಕ್ಕುದು ಹೆಚ್ಚಿಲ್ಲ. ಚರಿತ್ರಕಾರನ ದೃಷ್ಟಿಗೆ ಯೋಗ್ಯವಾದ ಭಾಗವು ಪಟ್ಟಿಯ ಬುಡದಲ್ಲಿದೆ. ಏತಕ್ಕೆಂದರೆ, ಅಂಕಪಟ್ಟಿಯ ಮಾತು ಎಲ್ಲಿಯವರೆಗೆ ನಡೆಯತಕ್ಕುದು, ಎಲ್ಲಿಂದ ಮುಂದೆ ಮನುಷ್ಯರ ದಾಕ್ಷಿಣ್ಯವು ನಡೆಯತಕ್ಕುದು ಎಂಬ ವಿವಾದವು ಆ ದೇಶದಲ್ಲಿ ತೊಂಬತ್ತೆಂಟು ವರ್ಷಗಳ ಕಾಲ ಇತ್ಯರ್ಥವಾಗದೆ ಉಳಿದುದು ಅಲ್ಲಿಯೇ.

ಈ ವಿವಾದದ ಮೂಲವನ್ನು ತಿಳಿಯಬೇಕಾದರೆ 1888ನೆಯ ಇಸವಿಗೆ ಹೋಗಬೇಕು. ಅದಕ್ಕೆ ಮೂರು ವರ್ಷ ಮೊದಲು, 1885ರಲ್ಲಿ, ಆಟಗಾರರಿಗೆ ವೇತನ ಕೊಡುವುದಕ್ಕೆ ಅನುಮತಿ ದೊರೆತಿದ್ದಿತು. ವೇತನವು ನಿಯತವಾದುದು, ಪಂದ್ಯಗಳಾದರೋ ಅನಿಯತವಾಗಿದ್ದುವು. ಒಪ್ಪಿಕೊಂಡ ಪಂದ್ಯಕ್ಕೆ ಎದುರಾಳಿಗಳು ಬಾರದೆ ಹೋದರೆ ಆ ದಿನದ ಆದಾಯವೇ ಇಲ್ಲವಾಗುತ್ತಿದ್ದಿತು. ಈ ಕಷ್ಟವನ್ನು ಪರಿಹರಿಸುವುದಕ್ಕಾಗಿ ಆಸ್ಟನ್ ವಿಲ್ಲ ಸಂಘದ ವಿಲಿಯಮ್ ಮೆಕ್‌ಗ್ರೆಗರ್ ಎಂಬಾತನು, ಕೆಲವು ಸಂಘಗಳು ಪರಸ್ಪರ ತಮ್ಮ ಊರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ತಪ್ಪದೆ ಆಡುವಂತೆ ಒಂದು ಒಕ್ಕೂಟವನ್ನು ಏರ್ಪಡಿಸಬೇಕೆಂದು ಸೂಚಿಸಿದನು. ಲ್ಯಾಂಕಷೈರಿನ ಆರು ಸಂಘಗಳೂ ಮಧ್ಯಪ್ರಾಂತದ ಆರು ಸಂಘಗಳೂ ಸೇರಿ ಹನ್ನೆರಡಾದುವು. ಇದೇ ಫುಟ್‌ಬಾಲ್ ಲೀಗು. ಮೊದಲನೆಯ ವರ್ಷದಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ಸಂಘವು 22 ಪಂದ್ಯಗಳಲ್ಲಿ ಒಂದನ್ನೂ ಸೋಲದೆ 40 ಅಂಕಗಳನ್ನು ಗಳಿಸಿ ಪ್ರಥಮಸ್ಥಾನವನ್ನು ಪಡೆಯಿತು. ಗೆಲುವಿಗೆ ಎರಡು, ಸಮಕ್ಕೆ ಒಂದು ಎಂಬ ಲೆಕ್ಕವು ಕೂಡ ಆಟವು ಆರಂಭವಾದ ಮೇಲೆ, ಆ ವರ್ಷದ ನವೆಂಬರ್ ತಿಂಗಳಿನಲ್ಲಿ, ನಿಶ್ಚಯಿಸಲ್ಪಟ್ಟಿತು.

ಸ್ಥಾಪಕರು ಇನ್ನೊಂದು ನಿಯಮವನ್ನೂ ಮಾಡಿದ್ದರು. ವರ್ಷಾಂತ್ಯದಲ್ಲಿ ಕಡೆಯ ನಾಲ್ಕು ಸ್ಥಾನಗಳಲ್ಲಿರುವ ಸಂಘಗಳು ತಮ್ಮ ಸದಸ್ಯತ್ವವನ್ನು ಬಿಟ್ಟುಕೊಟ್ಟು, ಹೊರಗಿನ ಅರ್ಜಿದಾರರೊಡನೆ ಸಮಾನವಾಗಿ ನಿಂತು, ಉಳಿದ ಸದಸ್ಯರ ಮತವನ್ನು ಬೇಡಬೇಕು. ಇದಕ್ಕೆ ಪುನಶ್ಚುನಾವಣೆಯೆಂದು ಹೆಸರು. ಮೊದಲ ವರ್ಷದಲ್ಲಿ ಸ್ಟೋಕ್, ಬರ್ನ್‌ಲಿ, ಡಾರ್ಬಿ ಕೌಂಟಿ, ನಾಟ್ಸ್ ಕೌಂಟಿ ಈ ನಾಲ್ಕೂ ಮರಳಿ ಆಯ್ಕೆಯಾದುವು. ಮರುವರ್ಷ ಸ್ಟೋಕ್ ಸಂಘವು ಮತ್ತೆ ಕಡೆಯದಾಗಲು ಅದನ್ನು ಬಿಟ್ಟು ಸಂಡರ್‌ಲಂಡ್ ಸಂಘವನ್ನು ಸೇರಿಸಿಕೊಂಡರು. ಹೀಗೆ, ಯಾರು ಹಿಂದುಳಿದರೆಂಬುದನ್ನು ಹೇಳುವುದು ಮಾತ್ರ ಪಟ್ಟಿಯ ಕೆಲಸವಾಯಿತು. ಹಿಂದುಳಿದವರು ಇರತಕ್ಕವರೋ ಹೋಗತಕ್ಕವರೋ ಎಂಬುದನ್ನು ಹೇಳುವ ಅಧಿಕಾರವು ಪಂಕ್ತಿಯಲ್ಲಿ ಕುಳಿತವರದೇ ಆಯಿತು.

1892ರಲ್ಲಿ ಎರಡನೆಯ ಶ್ರೇಣಿಯು ಹುಟ್ಟಿತು. ಆಗ ಎರಡು ಶ್ರೇಣಿಗಳ ನಡುವಣ ಹೊಸ್ತಿಲನ್ನು ದಾಟುವ ಬಗೆ ಹೇಗೆಂಬ ಪ್ರಶ್ನೆ ಬಂದಿತು. ಮೊದಲು ಪರೀಕ್ಷಾ ಪಂದ್ಯಗಳೆಂಬ ಉಪಾಯವನ್ನು ಹೂಡಿದರು. ಮೇಲಣ ಶ್ರೇಣಿಯ ಕಡೆಯವರೂ ಕೆಳಗಣ ಶ್ರೇಣಿಯ ಮೊದಲಿಗರೂ ತಮ್ಮೊಳಗೆ ಆಡಿ ತೀರ್ಮಾನಿಸಿಕೊಳ್ಳಬೇಕೆಂಬುದೇ ಇದರ ತಾತ್ಪರ್ಯ. ಎರಡನೆಯ ಶ್ರೇಣಿಯನ್ನು ಮೊಟ್ಟಮೊದಲು ಗೆದ್ದ ಸ್ಮಾಲ್ ಹೀತ್ ಸಂಘವು ಪರೀಕ್ಷಾ ಪಂದ್ಯದಲ್ಲಿ ನ್ಯೂಟನ್ ಹೀತಿಗೆ ಸೋತು ಇದ್ದಲ್ಲಿಯೇ ಉಳಿಯಿತು. ಆ ನ್ಯೂಟನ್ ಹೀತೇ 1902ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಹೆಸರನ್ನು ತಾಳಿತು. 1898ರಲ್ಲಿ ಸ್ಟೋಕ್ ಮತ್ತು ಬರ್ನ್‌ಲಿ ಸಂಘಗಳು ಕಡೆಯ ಪರೀಕ್ಷಾ ಪಂದ್ಯಕ್ಕೆ ನಿಂತಾಗ, ಪಂದ್ಯವು ಸಮವಾದರೆ ಇಬ್ಬರಿಗೂ ಮೇಲಣ ಶ್ರೇಣಿಯು ದೊರೆಯುವಂತಿದ್ದಿತು. ಇಬ್ಬರೂ ಇದನ್ನು ಅರಿತವರೇ. ಗೋಲನ್ನು ಹೊಡೆಯುವ ಪ್ರಯತ್ನವನ್ನೇ ಮಾಡದೆ ಆಟವನ್ನು ಮುಗಿಸಿದರು. ಈ ಅಪಹಾಸ್ಯದಿಂದ ಎಚ್ಚತ್ತ ಲೀಗು ಪರೀಕ್ಷಾ ಪಂದ್ಯಗಳನ್ನು ರದ್ದುಮಾಡಿ, ಮೇಲಿನ ಕಡೆಯವರಿಬ್ಬರು ಇಳಿಯತಕ್ಕುದು, ಕೆಳಗಿನ ಮೊದಲಿಗರಿಬ್ಬರು ಏರತಕ್ಕುದು ಎಂದು ವಿಧಿಸಿತು. ಒಳಗಣ ಹೊಸ್ತಿಲಿನಲ್ಲಿ ಅಂದಿನಿಂದ ಅಂಕಪಟ್ಟಿಯೇ ದ್ವಾರಪಾಲಕ. ಹೊರಬಾಗಿಲಿನಲ್ಲಿ ಮಾತ್ರ ಹಳೆಯ ಚುನಾವಣೆಯೇ ನಿಂತಿತು.

ಆ ಹೊರಬಾಗಿಲು ಕಾಲಕ್ರಮದಲ್ಲಿ ಕೆಳಕೆಳಗೆ ಸರಿಯಿತು. 1920ರಲ್ಲಿ ದಕ್ಷಿಣದ ಸಂಘಗಳಿಂದ ಮೂರನೆಯ ಶ್ರೇಣಿಯನ್ನು ಮಾಡಿದರು. 1921ರಲ್ಲಿ ಉತ್ತರಕ್ಕೂ ಅಂತಹುದೊಂದನ್ನು ಕೂಡಿಸಿದರು. ಇವೆರಡರ ಮೊದಲಿಗರು ಮಾತ್ರವೇ ಮೇಲೇರಬಹುದಾಗಿತ್ತು. 1958ರಲ್ಲಿ ಎರಡೂ ಪಟ್ಟಿಗಳ ಮೇಲರ್ಧಗಳನ್ನು ಕೂಡಿಸಿ ಮೂರನೆಯ ಶ್ರೇಣಿಯೆಂದೂ ಕೆಳಗಿನ ಅರ್ಧಗಳನ್ನು ಕೂಡಿಸಿ ನಾಲ್ಕನೆಯ ಶ್ರೇಣಿಯೆಂದೂ ವಿಭಾಗಿಸಿದರು. ಆದರೆ ಇವರೆಲ್ಲ ಪೂರ್ಣಸದಸ್ಯರಲ್ಲ, ಸಹಸದಸ್ಯರು. ಮೊದಲೆರಡು ಶ್ರೇಣಿಗಳ ಪ್ರತಿಯೊಂದು ಸಂಘಕ್ಕೂ ಒಂದೊಂದು ಮತವಿದ್ದರೆ, ಕೆಳಗಿನವರೆಲ್ಲರಿಗೂ ಸೇರಿ ಕೆಲವೇ ಮತಗಳು. ಬುಡದವರ ಭವಿಷ್ಯವು ಅವರೊಡನೆ ಎಂದೂ ಆಡದವರ ಕೈಯಲ್ಲಿದ್ದಿತು.

ಇದರ ಫಲವನ್ನು ಅನುಭವಿಸಿದ ಊರುಗಳಲ್ಲಿ ಗೇಟ್ಸ್‌ಹೆಡ್ ಒಂದು. 1959-60ರ ವರ್ಷದಲ್ಲಿ ಈ ಸಂಘವು ನಾಲ್ಕನೆಯ ಶ್ರೇಣಿಯ 24 ಸಂಘಗಳಲ್ಲಿ 22ನೆಯದಾಯಿತು. ಅದಕ್ಕಿಂತ ಕೆಳಗೆ ಓಲ್ಡಮ್ ಅಥ್ಲೆಟಿಕ್ ಮತ್ತು ಹಾರ್ಟ್ಲ್‌ಪೂಲ್ಸ್ ಯುನೈಟೆಡ್ ಇದ್ದುವು. ಅವೆರಡೂ ಉಳಿದುವು, ಗೇಟ್ಸ್‌ಹೆಡ್ ಹೊರಬಿದ್ದಿತು. ಹಾರ್ಟ್ಲ್‌ಪೂಲ್ ಸಂಘವು ತನ್ನ ಆಯುಷ್ಯದಲ್ಲಿ 14 ಸಲ ಪುನಶ್ಚುನಾವಣೆಗೆ ನಿಂತು 14 ಸಲವೂ ಆಯ್ಕೆಯಾಯಿತು. ಗೇಟ್ಸ್‌ಹೆಡ್ ಅದಕ್ಕೆ ಮೊದಲು ನಿಂತಿದ್ದುದು ಒಂದೇ ಸಲ. 1972ರಲ್ಲಿ ಬ್ಯಾರೊ ಸಂಘಕ್ಕೂ ಇದೇ ಗತಿ ಒದಗಿತು. ಅದೂ 22ನೆಯ ಸ್ಥಾನದಲ್ಲಿದ್ದು, ತನಗಿಂತ ಕೆಳಗಿನವರಿಬ್ಬರು ಉಳಿದುದನ್ನು ನೋಡುತ್ತ ಹೊರಗೆ ಹೋಯಿತು. 1978ರಲ್ಲಿ ರಾಚ್‌ಡೇಲ್ ಸಂಘವು ಕಟ್ಟಕಡೆಯದಾಗಿದ್ದಿತು. ಸ್ಥಾನವನ್ನು ಕಳೆದುಕೊಂಡುದು ಅದಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿದ್ದ ಸೌತ್‌ಪೋರ್ಟ್.

ಆದರೂ ಮತದಾನದ ಪಕ್ಷದಲ್ಲಿ ಹೇಳತಕ್ಕ ಮಾತುಗಳು ಇಲ್ಲವೆಂದಲ್ಲ. ಗೇಟ್ಸ್‌ಹೆಡ್ಡಿನ ಸ್ಥಾನಕ್ಕೆ ಬಂದ ಪೀಟರ್‌ಬರೊ ಯುನೈಟೆಡ್ ಮೊದಲ ವರ್ಷದಲ್ಲಿಯೇ 134 ಗೋಲುಗಳನ್ನು ಹೊಡೆದು ನಾಲ್ಕನೆಯ ಶ್ರೇಣಿಯನ್ನು ಗೆದ್ದಿತು. ಬ್ಯಾರೊವಿನ ಸ್ಥಾನಕ್ಕೆ ಬಂದ ಹೆರಿಫರ್ಡ್ ಯುನೈಟೆಡ್, ಲೀಗಿನ ಹೊರಗಿದ್ದಾಗಲೇ, 1972ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಕಪ್ಪಿನ ಪಂದ್ಯದಲ್ಲಿ ಪ್ರಥಮಶ್ರೇಣಿಯ ನ್ಯೂಕಾಸಲ್ ಯುನೈಟೆಡನ್ನು 2-1ರಿಂದ ಸೋಲಿಸಿದ್ದಿತು. 1977ರಲ್ಲಿ ವರ್ಕಿಂಗ್‌ಟನ್ನನ್ನು ಬಿಟ್ಟು ಆರಿಸಿಕೊಂಡ ವಿಂಬಲ್ಡನ್ 1988ರಲ್ಲಿಯೂ, ಸೌತ್‌ಪೋರ್ಟನ್ನು ಬಿಟ್ಟು ಆರಿಸಿಕೊಂಡ ವಿಗನ್ ಅಥ್ಲೆಟಿಕ್ 2013ರಲ್ಲಿಯೂ ಆ ಕಪ್ಪನ್ನೇ ಗೆದ್ದುವು. ಮತದಾರರು ಗುಣಗ್ರಹಣವಿಲ್ಲದವರಾಗಿರಲಿಲ್ಲವೆಂಬುದಕ್ಕೆ ಇವು ಸಾಕ್ಷಿ. ದೋಷವಿದ್ದುದು ಅವರ ಬುದ್ಧಿಯಲ್ಲಲ್ಲ, ಅವರ ಸ್ಥಾನದಲ್ಲಿ. ಇಂದು ಅರ್ಜಿದಾರನಾಗಿ ನಿಂತವನು ಹಳೆಯ ಪರಿಚಿತನು. ನಾಳೆ ತಾನೂ ಅಲ್ಲಿಗೆ ಇಳಿದರೆ ಪರಿಚಿತರ ದಾಕ್ಷಿಣ್ಯವೇ ತನಗೂ ಶರಣು. ಹೀಗಿರುವಾಗ ಹೊರಗಿನವನ ಯೋಗ್ಯತೆಗೆ ಪೂರ್ಣಬೆಲೆ ದೊರೆಯುವುದು ದುರ್ಲಭ.

1980ರಲ್ಲಿ ಇದು ಎಲ್ಲರಿಗೂ ಪ್ರತ್ಯಕ್ಷವಾಯಿತು. ಲೀಗಿನ ಹೊರಗಿದ್ದ ಪ್ರಮುಖ ಸಂಘಗಳು 1979ರಲ್ಲಿ ಅಲಯನ್ಸ್ ಪ್ರೀಮಿಯರ್ ಲೀಗೆಂಬ ತಮ್ಮದೇ ಒಕ್ಕೂಟವನ್ನು ಕಟ್ಟಿಕೊಂಡಿದ್ದುವು; ಬಹು ಅರ್ಜಿದಾರರಲ್ಲಿ ಮತಗಳು ಹಂಚಿಹೋಗದಂತೆ ಒಬ್ಬನನ್ನೇ ಮುಂದೆ ನಿಲ್ಲಿಸುವುದು ಅವರ ಯುಕ್ತಿ. ಮೊದಲ ವರ್ಷದ ವಿಜಯಿಯಾದ ಆಲ್ಟ್ರಿಂಕಮ್ ಸಂಘವು ನಾಲ್ಕನೆಯ ಶ್ರೇಣಿಯ ಕಟ್ಟಕಡೆಯದಾದ ರಾಚ್‌ಡೇಲಿನ ಎದುರು ನಿಂತಿತು. ರಾಚ್‌ಡೇಲಿಗೆ 26 ಮತಗಳು, ಆಲ್ಟ್ರಿಂಕಮಿಗೆ 25. ಮರುವರ್ಷವೂ ತನ್ನ ಒಕ್ಕೂಟದಲ್ಲಿ ಆಲ್ಟ್ರಿಂಕಮೇ ಗೆದ್ದಿತು. ಆದರೂ ಬಾಗಿಲು ತೆರೆಯಲಿಲ್ಲ.

ಕೊನೆಗೆ 1986-87ರ ವರ್ಷದಿಂದ, ನಾಲ್ಕನೆಯ ಶ್ರೇಣಿಯ ಕಟ್ಟಕಡೆಯ ಸಂಘವು ಇಳಿಯತಕ್ಕುದು, ಹೊರಗಿನ ಒಕ್ಕೂಟದ ಮೊದಲಿಗನು ಏರತಕ್ಕುದು ಎಂಬ ನಿಯಮವು ಜಾರಿಗೆ ಬಂದಿತು. ಈ ನಿಯಮದ ಪ್ರಥಮ ಪ್ರಯೋಗವೇ ನಾಟಕೀಯವಾದುದು. 1987ನೆಯ ಮೇ 9ರ ಕಡೆಯ ಪಂದ್ಯಗಳಿಗೆ ಮುಂಚೆ ಲಿಂಕನ್ ಸಿಟಿಗೆ 48, ಟಾರ್ಕಿ ಯುನೈಟೆಡ್ಡಿಗೆ 47, ಬರ್ನ್‌ಲಿಗೆ 46 ಅಂಕಗಳಿದ್ದುವು. ಗೆಲುವಿಗೆ ಮೂರು ಅಂಕಗಳ ಪದ್ಧತಿಯು 1981ರಿಂದಲೇ ಬಂದಿದ್ದಿತು. ಬರ್ನ್‌ಲಿಯು 1888ರ ಮೂಲಸದಸ್ಯರಲ್ಲಿ ಒಬ್ಬನು; 1921 ಮತ್ತು 1960ರಲ್ಲಿ ದೇಶಕ್ಕೇ ಪ್ರಥಮನಾಗಿದ್ದವನು. ಅಂದು ಅದು ಓರಿಯೆಂಟ್ ಸಂಘವನ್ನು 2-1ರಿಂದ ಗೆದ್ದು ಉಳಿಯಿತು. ಟಾರ್ಕಿಯು ಕ್ರೂ ಸಂಘದೆದುರು ಎರಡು ಗೋಲು ಹಿಂದೆ ಬಿದ್ದು, ಒಂದನ್ನು ತೀರಿಸಿ, ಇನ್ನೊಂದಕ್ಕಾಗಿ ಹೆಣಗುತ್ತಿದ್ದಾಗ, ಅಂಗಳದ ಅಂಚಿನಲ್ಲಿದ್ದ ಪೋಲೀಸಿನವರ ನಾಯಿಯೊಂದು ಅದರ ಆಟಗಾರ ಜಿಮ್ ಮೆಕ್‌ನಿಕಲನ ತೊಡೆಯನ್ನು ಕಚ್ಚಿತು. ಗಾಯಾಳುವಿನ ಉಪಚಾರಕ್ಕೆ ಹಿಡಿದ ಹೊತ್ತನ್ನು ಆಟದ ಕೊನೆಗೆ ಕೂಡಿಸಲಾಗಿ, ಆ ಅಧಿಕ ಸಮಯದಲ್ಲಿಯೇ ಪಾಲ್ ಡಾಬ್‌ಸನ್ ಸಮದ ಗೋಲನ್ನು ಹೊಡೆದನು. ಕಾಕತಾಳೀಯನ್ಯಾಯಕ್ಕೆ ಇದಕ್ಕಿಂತ ಸ್ಫುಟವಾದ ಉದಾಹರಣೆ ಸಿಕ್ಕುವುದು ಕಷ್ಟ. ಲಿಂಕನ್ ಸಿಟಿ ಸ್ವಾನ್ಸಿಯಲ್ಲಿ 2-0ರಿಂದ ಸೋತಿತು. ಟಾರ್ಕಿಗೂ ಲಿಂಕನ್ನಿಗೂ ಅಂಕಗಳು ಸಮವಾಗಿ, ಗೋಲುಗಳ ಅಂತರದಿಂದ ಲಿಂಕನ್ ಕಡೆಯದಾಯಿತು. ಎರಡನೆಯ ಶ್ರೇಣಿಯ 1892ರ ಮೂಲಸದಸ್ಯನು ಹೊರಗೆ ಹೋದನು. ಸ್ಕಾರ್‌ಬರೊ ಒಳಗೆ ಬಂದಿತು.

ಹಳೆಯ ಪದ್ಧತಿಯಾಗಿದ್ದರೆ ಲಿಂಕನ್ನಿಗೆ ಮತಗಳು ದೊರೆಯುತ್ತಿದ್ದುವೆಂಬುದರಲ್ಲಿ ಹೆಚ್ಚು ಸಂದೇಹವಿಲ್ಲ. ಆದರೆ ಹಳೆಯ ಪದ್ಧತಿಯಲ್ಲಿ ಇಲ್ಲದಿದ್ದ ಒಂದು ಸೌಲಭ್ಯವು ಹೊಸದರಲ್ಲಿ ಅದಕ್ಕಿದ್ದಿತು. ಮುಂದಿನ ವರ್ಷವೇ ಹೊರಗಿನ ಒಕ್ಕೂಟವನ್ನು ಗೆದ್ದು 1988ರಲ್ಲಿ ಅದು ತನ್ನ ಸ್ಥಾನಕ್ಕೆ ಮರಳಿತು, ಯಾರನ್ನೂ ಬೇಡಬೇಕಾಗಲಿಲ್ಲ. ಸ್ಕಾರ್‌ಬರೊವಿನ ಸರದಿಯೂ ಬಂದಿತು. 1999ನೆಯ ಮೇ 8ರಂದು ಅದರ ಪಂದ್ಯವು ಸಮವಾಗಿ ಮುಗಿದು, ಉಳಿದೆವೆಂದು ಅದರ ಅಭಿಮಾನಿಗಳು ಸಂಭ್ರಮಪಡುತ್ತಿದ್ದಾಗ, ಕಾರ್ಲೈಲಿನಲ್ಲಿ ಇನ್ನೂ ಆಟ ಮುಗಿದಿರಲಿಲ್ಲ. ಅಲ್ಲಿ ಕಡೆಯ ಗಳಿಗೆಯಲ್ಲಿ ಕಾರ್ಲೈಲ್ ಯುನೈಟೆಡ್ಡಿನ ಗೋಲುರಕ್ಷಕ ಜಿಮ್ಮಿ ಗ್ಲಾಸನು ತನ್ನ ಸ್ಥಾನವನ್ನು ಬಿಟ್ಟು ಎದುರಾಳಿಯ ಕಡೆಗೆ ಓಡಿ ಗೋಲು ಹೊಡೆದನು. ಒಂದೇ ಅಂಕದಿಂದ ಸ್ಕಾರ್‌ಬರೊ ಇಳಿಯಿತು, ಮತ್ತೆ ಏರಲಿಲ್ಲ, 2007ರಲ್ಲಿ ಸಾಲದ ಹೊರೆಯಿಂದ ಆ ಸಂಘವೇ ಇಲ್ಲವಾಯಿತು. ಪಟ್ಟಿಗೆ ದಾಕ್ಷಿಣ್ಯವಿಲ್ಲದಂತೆ ಕರುಣೆಯೂ ಇಲ್ಲವೆಂಬುದನ್ನು ಮರೆಮಾಚತಕ್ಕುದಲ್ಲ.

ನಿಯಮವು ಬಂದ ಮೇಲೆಯೂ ಬಾಗಿಲು ಒಮ್ಮೆಗೇ ಪೂರ್ತಿಯಾಗಿ ತೆರೆಯಲಿಲ್ಲ. 1994ರಲ್ಲಿ ಕಿಡರ್‌ಮಿನ್‌ಸ್ಟರ್, 1995ರಲ್ಲಿ ಮ್ಯಾಕಲ್ಸ್‌ಫೀಲ್ಡ್, 1996ರಲ್ಲಿ ಸ್ಟೀವನೇಜ್—ಈ ಮೂರು ಸಂಘಗಳು ಹೊರಗಿನ ಒಕ್ಕೂಟವನ್ನು ಗೆದ್ದರೂ, ಅವುಗಳ ಕ್ರೀಡಾಂಗಣಗಳು ಲೀಗಿನ ನಿಬಂಧನೆಗಳಿಗೆ ಅನುಗುಣವಾಗಿಲ್ಲವೆಂಬ ಕಾರಣದಿಂದ ಪ್ರವೇಶ ದೊರೆಯಲಿಲ್ಲ. ಮೂರೂ ಮುಂದೆ ಮತ್ತೆ ಗೆದ್ದು ಒಳಗೆ ಬಂದುವು. 2003ರಿಂದ ಇಬ್ಬರು ಇಳಿದು ಇಬ್ಬರು ಏರುವ ಪದ್ಧತಿಯಾಯಿತು. ಶ್ರೇಣಿಗಳ ಹೆಸರುಗಳೂ ಬದಲಾದುವು. 1958ರ ನಾಲ್ಕನೆಯ ಶ್ರೇಣಿಯು 2004ರಿಂದ ಲೀಗ್ ಟೂ ಎನ್ನಿಸಿಕೊಂಡಿತು.

ಈ ಚರಿತ್ರೆಯಲ್ಲಿ ಋಣವು ಮರಳಿ ತೀರಿದಂತೆ ತೋರುವ ಎರಡು ಪ್ರಸಂಗಗಳುಂಟು. ಆಕ್ರಿಂಗ್‌ಟನ್ ಸ್ಟ್ಯಾನ್ಲಿ ಸಂಘವು ಸಾಲದಿಂದ ಬಳಲಿ 1962ರಲ್ಲಿ ವರ್ಷದ ಮಧ್ಯದಲ್ಲಿಯೇ ಲೀಗನ್ನು ಬಿಟ್ಟಿತು. ಆ ವರ್ಷ ಅದು ಆಡಿದ ಪಂದ್ಯಗಳೆಲ್ಲ ಪಟ್ಟಿಯಿಂದ ಅಳಿಸಲ್ಪಟ್ಟುವು. ತೆರವಾದ ಸ್ಥಾನಕ್ಕೆ ಆಕ್ಸ್‌ಫರ್ಡ್ ಯುನೈಟೆಡ್ ಆಯ್ಕೆಯಾಯಿತು. ಊರಿನವರು 1968ರಲ್ಲಿ ಅದೇ ಹೆಸರಿನಿಂದ ಸಂಘವನ್ನು ಮರಳಿ ಕಟ್ಟಿ, ಮೆಟ್ಟಿಲುಮೆಟ್ಟಿಲಾಗಿ ಏರಿ, 2006ರಲ್ಲಿ ಲೀಗಿನ ಬಾಗಿಲಿಗೆ ಬಂದಾಗ, ಇಳಿದು ಹೊರಹೋಗುತ್ತಿದ್ದುದು ಅದೇ ಆಕ್ಸ್‌ಫರ್ಡ್ ಯುನೈಟೆಡ್. ಬ್ಯಾರೊವಿನ ಕಾಯುವಿಕೆ ಇನ್ನೂ ದೀರ್ಘವಾದುದು. 1972ರಲ್ಲಿ ಮತದಾನದಿಂದ ಹೊರಹಾಕಲ್ಪಟ್ಟ ಆ ಸಂಘವು 48 ವರ್ಷಗಳ ತರುವಾಯ, 2020ರಲ್ಲಿ, ಹೊರಗಿನ ಒಕ್ಕೂಟದ ಮೊದಲಿಗನಾಗಿ ಮರಳಿತು. ಆ ವರ್ಷ ಸಾಂಕ್ರಾಮಿಕ ರೋಗದಿಂದ ಆಟವು ನಡುವೆಯೇ ನಿಂತುದರಿಂದ, ಆಡಿದ ಪಂದ್ಯಗಳಿಗೆ ಬಂದ ಅಂಕಗಳ ಸರಾಸರಿಯನ್ನು ಕಟ್ಟಿ ಸ್ಥಾನಗಳನ್ನು ನಿರ್ಣಯಿಸಿದರು. ಹೊರದೂಡುವಾಗ ಕಣ್ಣಿಗೆ ಬೀಳದಿದ್ದ ಪಟ್ಟಿಯೇ ಒಳಗೆ ಕರೆದುಕೊಳ್ಳುವಾಗ ಪ್ರಮಾಣವಾಯಿತು.

ಬ್ಯಾರೊ ಹಡಗುಗಳನ್ನು ಕಟ್ಟುವ ಊರು. ಆಕ್ರಿಂಗ್‌ಟನ್ ಹತ್ತಿಯ ಗಿರಣಿಗಳಿಂದಲೂ ಇಟ್ಟಿಗೆಯಿಂದಲೂ ಹೆಸರಾದ ಊರು. ದೊಡ್ಡ ನಗರಗಳ ವೈಭವದೆದುರು ಇಂತಹ ಊರುಗಳ ಹೆಸರು ದೇಶದವರೆಲ್ಲರ ಕಣ್ಣಿಗೆ ಬೀಳುವುದು ಅಪರೂಪ. ಅಂಕಪಟ್ಟಿಯ 92 ಸಾಲುಗಳಲ್ಲಿ ಒಂದು ಸಾಲು ತಮ್ಮದಾಗಿರುವುದೆಂಬುದು ಅಲ್ಲಿಯ ಜನರಿಗೆ ಅಲ್ಪವಾದ ವಿಷಯವಲ್ಲ. ಆ ಸಾಲನ್ನು ಆಟದಲ್ಲಿ ಸೋತು ಕಳೆದುಕೊಂಡವರು ಮುಂದಿನ ಆಗಸ್ಟ್ ತಿಂಗಳಿನಲ್ಲಿ ಮತ್ತೆ ಚೆಂಡನ್ನು ಒದೆಯಲು ಆರಂಭಿಸುವರು. ಮತದಲ್ಲಿ ಸೋತು ಕಳೆದುಕೊಂಡವರಿಗೆ ಒದೆಯತಕ್ಕ ಚೆಂಡು ಯಾವುದೆಂಬುದೇ ತಿಳಿಯುತ್ತಿರಲಿಲ್ಲ.